ಅಪ್‌ಡೇಟ್: ಸಂಪಾಜೆ ಇಳಿಜಾರಲ್ಲಿ ಬಾಲ ಆಡಿಸುತ್ತಿದ್ದ ಟ್ರೇಲರ್

ಜೀಪಿನ ಹಿಂದೆ ಕಟ್ಟಿದ ಕ್ಯಾಂಪಿಂಗ್ ಟ್ರೇಲರ್ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ಅತ್ತಿತ್ತ ಓಲಾಡುತ್ತದೆ, ಯಾಕೆ ಅಂತ ಕೇಳಿದ್ದೆ. ಹಿಚ್ (ಟ್ರೇಲರ್ ಸಿಕ್ಕಿಸಲು ಜೀಪಿನ ಹಿಂದೆ ಇರುವ ಕೊಂಡಿ) ಮೇಲೆ ಕೂರುವ ಭಾರ ತೂಗಿ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಕಾರಣ ಅದೇ, ಆ ಭಾರ ತೀರಾ ಕಮ್ಮಿ ಇತ್ತು.

ಕುಶಾಲನಗರದ ವೇಬ್ರಿಡ್ಜ್‌ನಲ್ಲಿ ತುಂಬಿದ ಟ್ರೇಲರ್ 900 ಕೆ.ಜಿ. ಬಂತು. ಆ ಕಾಟಾದಲ್ಲಿ ಸಣ್ಣ ತೂಕ ಸರಿಯಾಗಿ ಸಿಗಲ್ಲ. ಹಾಗಾಗಿ ಮೂತಿಯ (ಹಿಚ್ ಮೇಲೆ ಕೂರುವ ಟ್ರೇಲರ್‌ನ ಮುಂದಿನ ತುದಿ) ತೂಕವನ್ನು ಮನೆಯಲ್ಲೇ ನೋಡಿದೆವು. ಸಮತಟ್ಟು ಅಂಗಳ, ಚಕ್ರಕ್ಕೆ ಅಡ್ಡಗಲ್ಲು, ನಾವು ಹತ್ತಿ ನಿಲ್ಲುವ ತೂಕದ ಯಂತ್ರ, ಅದರ ಮೇಲೆ ಮರದ ತುಂಡು. ಮೂತಿ ಜೀಪಿಗೆ ಸಿಕ್ಕಿಸಿದಾಗ ಇರುವ ಎತ್ತರದಲ್ಲೇ ಇರಬೇಕು. ಬಂದದ್ದು ಬರೀ 38 ಕೆ.ಜಿ.! ಒಟ್ಟು ಭಾರದ 10ರಿಂದ 15 ಶೇಕಡಾ ಇರಬೇಕಿತ್ತು.

ಕಟ್ಟಿಕೊಟ್ಟವರು 100 ಲೀಟರ್ ನೀರಿನ ಟ್ಯಾಂಕನ್ನು ತೀರಾ ಹಿಂದೆ ಕೂರಿಸಿದ್ದರು. ಚಂದಕ್ಕಂತೆ! ಅದನ್ನು ಆಕ್ಸಲ್‌ಗಿಂತ (ಚಕ್ರದ ಅಚ್ಚು) ಮುಂದೆ ತಂದ ಮೇಲೆ ಮೂತಿಯ ತೂಕ 112 ಕೆ.ಜಿ. ಆಯಿತು, ಓಲಾಟ ನಿಂತಿತು. ಹಾಗಂತ ಮುಂದೆ ಜಾಸ್ತಿ ತುಂಬಿದರೆ ಜೀಪಿನ ಹಿಂಭಾಗ ಕುಸಿದು ಸ್ಟೀರಿಂಗ್ ಹಗುರಾಗುತ್ತದೆ. ನಿಮ್ಮ ಗಾಡಿಯ ಹಿಚ್ ಎಷ್ಟು ಭಾರ ತಡೆಯುತ್ತದೆ ಅಂತಲೂ ನೋಡಿಕೊಳ್ಳಿ.

ಸ್ಪ್ರಿಂಗ್ ಬಾರ್ ಇರುವ ಹಿಚ್ ಹಾಕಿಸಿ ಅಂದಿದ್ದ ಅಣ್ಣನಿಗೆ: ಅದು ಜೀಪಿನ ಹಿಂದಿನ ಚಕ್ರದ ಹೊರೆಯನ್ನು ಮುಂದಿನ ಚಕ್ರಕ್ಕೂ ಟ್ರೇಲರ್ ಆಕ್ಸಲ್‌ಗೂ ಹಂಚುತ್ತದೆ, ಅಷ್ಟೇ. ಹಿಂದೆ ತುಂಬಿದ ಸಾಮಾನನ್ನು ಮುಂದೆ ತರಲ್ಲ ಅಲ್ವಾ? ಸದ್ಯಕ್ಕೆ ಬೇಡ.

ಟ್ರೇಲರ್‌ಗೆ ಬ್ರೇಕ್ ಇನ್ನೂ ಹಾಕಿಸಬೇಕು. ಅಲ್ಲಿಯವರೆಗೆ ಮಳೆಯಲ್ಲಿ ಘಾಟಿ ಇಳಿಯುವಂತಿಲ್ಲ ಅಂತ ಮನೆಯವರ ಆರ್ಡರ್ ಆಗಿದೆ.