ಸಬಾಟಿಂಕಾ ಲೈಟ್ ಟ್ರ್ಯಾಪ್‌ಗೆ ಬರ್ತಿಲ್ಲ, ಫೋಟೋದಲ್ಲಿ ಸೊಂಡಿಲೂ ಕಾಣ್ತಿಲ್ಲ

ಪ್ರಶ್ನೆ:
ನ್ಯೂಜಿಲೆಂಡಿನ ನೆಲ್ಸನ್ ಹತ್ತಿರ ಬೀಚ್ (beech) ಮರಗಳ ಕಾಡು, ತೊರೆ ಪಕ್ಕ. ಹಗಲಲ್ಲಿ ಹೊಂಬಣ್ಣದ, ಕೆಲವೇ ಮಿಲಿಮೀಟರ್ ಉದ್ದದ ಪತಂಗ ಕಂಡೆ, ಸಬಾಟಿಂಕಾ ಅನ್ನೋ ಪತಂಗದ ಕುಲದ್ದು ಅಂತ ನನ್ನ ಅಂದಾಜು. ರಾತ್ರಿ ದೀಪದ ಬಲೆ (ಲೈಟ್ ಟ್ರ್ಯಾಪ್) ಇಟ್ಟರೆ ಒಂದೂ ಇಲ್ಲ. ಫೋಟೋ ನೋಡಿದವರು ಕ್ಯಾಡಿಸ್ ನೊಣ (ಪತಂಗದ ಹಾಗೇ ಕಾಣೋ ಬೇರೆ ಕೀಟ) ಇರಬೇಕು ಅಂತಾರೆ. ಸೊಂಡಿಲಿನ ಸುರುಳಿ ಕಾಣಲ್ಲ, ಬದಲಿಗೆ ತಲೆ ಕೆಳಗೆ ಮಡಚಿದ ಕಾಲಿನಂಥದ್ದು ಏನೋ ಇದೆ. ರೆಕ್ಕೆ ಮೇಲೆ ಫ್ಲ್ಯಾಶ್ ಬಿದ್ದು ಬರೀ ಬಿಳಿ ಕಲೆ.

ಉತ್ತರ 1:
ಟ್ರ್ಯಾಪ್ ಮನೆಗೆ ಕಳಿಸಿ ಸಾರ್, ಇವು ಹಗಲಿನ ಜೀವಿಗಳು. ಅಲ್ಲಿನ ವಸಂತದಲ್ಲಿ, ಅಂದರೆ ಅಕ್ಟೋಬರ್-ನವೆಂಬರ್ ಹೊತ್ತಿಗೆ, ಜರೀಗಿಡದ ಎಲೆ ತಿರುವಿ ನೋಡಿ. ಬೀಜಾಣು ಮಾಗಿ ಕಂದು ಬಣ್ಣಕ್ಕೆ ತಿರುಗಿದ ಎಲೆಯನ್ನೇ ಹುಡುಕಿ, ಆ ಬೀಜಾಣುವೇ ಇದರ ಊಟ. ಸೊಂಡಿಲು ಕಾಣದಿರೋದು ಸರಿಯೇ, ಇದಕ್ಕೆ ಅದು ಇಲ್ಲವೇ ಇಲ್ಲ. ಜಗಿಯುವ ದವಡೆ ಇದೆ. ನೀವು ಕಾಲು ಅಂದುಕೊಂಡದ್ದು ಬಾಯಿ ಪಕ್ಕದ ಉದ್ದನೆಯ ಸ್ಪರ್ಶಾಂಗ, ಬೀಜಾಣು ಒಟ್ಟುಮಾಡೋಕೆ ಬಳಸುತ್ತೆ. ದವಡೆ ಅದರ ಹಿಂದೆ ಮರೆಯಾಗಿರುತ್ತೆ.

ಕ್ಯಾಡಿಸ್ ಅನುಮಾನ ಬರೋದು ಸಹಜ. ಆದರೆ ಅದರ ರೆಕ್ಕೆ ಮೇಲೆ ಕೂದಲು, ಇದರ ಮೇಲೆ ಹುರುಪೆ. ಮೀಸೆ ನೋಡಿ: ಇದರದ್ದು ಗಿಡ್ಡ, ಮಣಿ ಪೋಣಿಸಿದ ಹಾಗೆ. ಕ್ಯಾಡಿಸ್‌ನದ್ದು ತೆಳ್ಳಗೆ, ಬಹಳ ಉದ್ದ.

ಪ್ರಶ್ನಿಸಿದವರು:
ಧನ್ಯವಾದ. ಮರಿಹುಳು ಎಲ್ಲಿ ಸಿಗುತ್ತೆ? ಹೊಳಪಿಗೆ ಏನು ಮಾಡಲಿ?

ಉತ್ತರ 2:
ಮರಿಹುಳು ತಿನ್ನೋದು ಲಿವರ್‌ವರ್ಟ್, ಅಂದರೆ ಪಾಚಿಯಂಥದ್ದೇ ಬೇರೊಂದು ಪುಟ್ಟ ಸಸ್ಯ. ಒದ್ದೆ ಬಂಡೆ, ಮಣ್ಣಿನ ದಂಡೆ, ಕೊಳೆತ ದಿಮ್ಮಿ ಮೇಲಿನ ಪುಟ್ಟ ಎಲೆಗಳ ಹಾಸನ್ನು ಲೆನ್ಸ್ ಹಿಡಿದು ನೋಡಿ. ಪಾಚಿಯನ್ನೇ ಕೆದಕುತ್ತಾ ಕೂತರೆ ಏನೂ ಸಿಗಲ್ಲ. ದಪ್ಪ, ಗಿಡ್ಡ ಹುಳು, ನಿಧಾನಕ್ಕೆ ತೆವಳುತ್ತೆ, ಹಾಸಿನ ಬಣ್ಣದಲ್ಲೇ ಮರೆಯಾಗುತ್ತೆ. ಅರ್ಧ ಮೇಯ್ದ ಎಲೆ ಮೊದಲು ಕಣ್ಣಿಗೆ ಬೀಳುತ್ತೆ, ಹುಳು ಆಮೇಲೆ. ಜಾಗ ಒಣಗದ ಹಾಗೆ ನೋಡಿಕೊಳ್ಳಿ, ಕಿತ್ತು ತಿರುವಿದ ಹಾಸನ್ನು ಹಾಗೇ ಕೂರಿಸಿ.

ಹೊಳಪಿಗೆ ಫ್ಲ್ಯಾಶ್ ಮುಂದೆ ದೊಡ್ಡ ಡಿಫ್ಯೂಸರ್ (ಬೆಳಕು ಹರಡುವ ಪರದೆ) ಹಾಕಿ, ಪವರ್ ಇಳಿಸಿ, ಪಕ್ಕದಿಂದ ಬೆಳಕು ಕೊಡಿ. ಆ ಹುರುಪೆ ಲೋಹದಂತೆ ಮಿನುಗುತ್ತೆ, ನೇರ ಬೆಳಕಿಗೆ ಬಿಳಿ ಕಲೆಯೇ ಗತಿ. ನನ್ನ ಕೇಳಿದರೆ ಮೋಡದ ದಿನ ಫ್ಲ್ಯಾಶೇ ಬೇಡ.

ಉತ್ತರ 1:
ಇನ್ನೊಂದು. ಸಂರಕ್ಷಿತ ಸರ್ಕಾರಿ ಜಾಗವಾದರೆ ಹಿಡಿದು ತರಬೇಡಿ, ಅದಕ್ಕೆ ಅಲ್ಲಿನ ಸಂರಕ್ಷಣಾ ಇಲಾಖೆ ಡಿಪಾರ್ಟ್‌ಮೆಂಟ್ ಆಫ್ ಕನ್ಸರ್ವೇಶನ್ ಅನುಮತಿ ಬೇಕು. ಪ್ರಭೇದದ ಹೆಸರಿಗೆ ಕೀಟತಜ್ಞ ಜಾರ್ಜ್ ಗಿಬ್ಸ್ 2014ರಲ್ಲಿ ಮಾಡಿದ, ಈ ಪತಂಗಗಳ ವರ್ಗೀಕರಣದ ಪರಿಷ್ಕರಣೆ ನೋಡಿ. ಹಲವು ಪ್ರಭೇದಗಳು ಒಂದೇ ಥರ ಕಾಣುತ್ತವೆ, ಹಾಗಾಗಿ ಮೇಲಿನಿಂದ ತೆಗೆದ ಒಂದೇ ಫೋಟೋ ಸಾಲದು. ಪಕ್ಕದಿಂದಲೂ ಒಂದು ತೆಗೆದು ಹಾಕಿ.