‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’: ಇದರಲ್ಲಿ ಏನೂ ಆಗುವುದಿಲ್ಲ ಅಲ್ವಾ?

ನಿದ್ದೆಗೇಡಿ:
ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ಅವರ 1978ರ ಈ ಆಲ್ಬಮ್ ಕೇಳಲು ಹೆಡ್‌ಫೋನ್ ಹಾಕಿ, ದೀಪ ಆರಿಸಿ ಕೂತೆ. ಮೊದಲ ಟ್ರ್ಯಾಕೇ ಹದಿನಾರು ನಿಮಿಷ ದಾಟುತ್ತದೆ. ಪಿಯಾನೋದ ಕೆಲವೇ ಸ್ವರ, ಬಿಡುವು, ಮತ್ತೆ ಅವೇ ಸ್ವರ. ಟ್ರ್ಯಾಕ್‌ಗಳಿಗೆ ಹೆಸರೂ ಇಲ್ಲ, 1/1, 2/1 ಅಂತ ಬರೀ ಅಂಕಿ. ಇಷ್ಟು ಹೊಗಳಿಕೆ ಯಾಕೆ?

ಟೇಪ್‌ಹುಚ್ಚ:
ನೀವು ಜಾಸ್ತಿ ಗಮನ ಕೊಟ್ಟಿದ್ದೀರಿ! ಹೆಡ್‌ಫೋನ್ ತೆಗೆಯಿರಿ. ಸ್ಪೀಕರ್‌ನಲ್ಲಿ ಸಣ್ಣಗೆ ಹಾಕಿ, ನಿಮ್ಮ ಪಾಡಿಗೆ ಕೆಲಸ ಮಾಡಿ. ಗಮನ ಕೊಡದೆ ಬಿಟ್ಟರೂ ನಡೆಯಬೇಕು, ಕೊಟ್ಟರೆ ಸಿಗುವುದೂ ಇರಬೇಕು ಅಂತ ಈನೋ ಅವರೇ ಆಲ್ಬಮ್‌ನ ಟಿಪ್ಪಣಿಯಲ್ಲಿ ಬರೆದಿದ್ದಾರೆ.

ನನ್ನನ್ನು ಹಿಡಿದಿದ್ದು 2/1. ಅದರಲ್ಲಿ ವಾದ್ಯವೇ ಇಲ್ಲ, ಬರೀ ಮನುಷ್ಯರ ದನಿ. ಒಂದೊಂದು ಸ್ವರವನ್ನೂ ಬೇರೆ ಬೇರೆ ಟೇಪಿಗೆ ಹಾಡಿಸಿ, ಆ ಟೇಪಿನ ಎರಡು ತುದಿ ಅಂಟಿಸಿ ಸುತ್ತಲು ಬಿಟ್ಟಿದ್ದಾರೆ. ಟೇಪ್ ಎಷ್ಟು ಉದ್ದ ಅಂದರೆ, ಸ್ಟುಡಿಯೋದ ಕುರ್ಚಿ ಕಾಲುಗಳಿಗೆ ಸುತ್ತಿ ಓಡಿಸಬೇಕಾಯಿತಂತೆ. ಒಂದು ಸ್ವರ 23.5 ಸೆಕೆಂಡಿಗೊಮ್ಮೆ ಬರುತ್ತದೆ, ಇನ್ನೊಂದು ಸುಮಾರು 26ಕ್ಕೆ, ಮತ್ತೊಂದು ಹತ್ತಿರ ಹತ್ತಿರ 30ಕ್ಕೆ. ಲೆಕ್ಕ ಕೂಡಿಬರುವುದೇ ಇಲ್ಲ. ಹಾಗಾಗಿ ಒಮ್ಮೆ ಎರಡು ದನಿ ಒಟ್ಟಿಗೆ ಏಳುತ್ತವೆ, ಒಮ್ಮೆ ಒಂದೇ ಒಂಟಿಯಾಗಿ ನಿಲ್ಲುತ್ತದೆ. ಮುಂದಿನದು ಯಾವಾಗ ಅಂತ ಕಾಯುವುದನ್ನು ಬಿಟ್ಟಾಗ ಕೋಣೆ ದೊಡ್ಡದಾದ ಹಾಗೆ ಅನಿಸುತ್ತದೆ. ನನಗಂತೂ ಹಾಗೆ.

ಕಿಟಕಿಪಕ್ಕ:
ಹೆಸರು ಸುಮ್ನೆ ಇಟ್ಟಿದ್ದಲ್ಲ. ಜರ್ಮನಿಯ ಕಲೋನ್ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಈನೋ ಅವರಿಗೆ ಹೊಳೆದಿದ್ದು. ಕಟ್ಟಡ ಚೆಂದ, ಅಲ್ಲಿ ಹಾಕಿದ್ದ ಸಂಗೀತ ಮಾತ್ರ ಸಹಿಸಲಾಗಲಿಲ್ಲ ಅವರಿಗೆ. ನಡುವೆ ಪ್ರಕಟಣೆ ಬಂದರೂ ಕೆಡದಂಥ ಸಂಗೀತ ಬೇಕಿತ್ತು. ಆಮೇಲೆ ನ್ಯೂಯಾರ್ಕ್‌ನ ಲಾಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ ನಿಜವಾಗಿಯೂ ಹಾಕಿದ್ದರು. ಆದರೂ ವಿಮಾನ ಹತ್ತುವ ಮುಂಚೆ ನಾನು ಇದನ್ನು ಕೇಳಲಾರೆ. ಇದರಲ್ಲಿ ಒಂಥರಾ ಬೀಳ್ಕೊಡುಗೆಯ ಗಾಳಿ ಇದೆ. ನೆಮ್ಮದಿ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಕೇಳಿಸುವುದು ದುಃಖ.

ನಿದ್ದೆಗೇಡಿ:
ಸಣ್ಣಗೆ ಹಾಕಿ ನೋಡಿದೆ. 2/1 ಒಪ್ಪಿದೆ. ಕೊನೆಯ 2/2 ಮಾತ್ರ ಇನ್ನೂ ಬೋರು.

ಟೇಪ್‌ಹುಚ್ಚ:
ಅದು ಪೂರ್ತಿ ಸಿಂಥಸೈಜರ್, ದನಿಯೂ ಇಲ್ಲ, ಪಿಯಾನೋವೂ ಇಲ್ಲ. ನನಗೂ ಅದು ಅಷ್ಟಕ್ಕಷ್ಟೆ. 1/1 ಅನ್ನು ಮತ್ತೊಮ್ಮೆ ಕೇಳಿ, ಆ ಪಿಯಾನೋ ನುಡಿಸಿದ್ದು ಇಂಗ್ಲಿಷ್ ಸಂಗೀತಗಾರ ರಾಬರ್ಟ್ ವ್ಯಾಟ್.