ಅಪ್‌ಡೇಟ್: 5 ಅಡಿ ಗಿಡದ ಅಕ್ವೇರಿಯಂ, ಮಿಸ್ ಕೇರಳ ಮೀನಿಗಾಗಿ

5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ತುಂಬ ಗಿಡ ಹಾಕುತ್ತೇನೆ, ಯಾವ ಮೀನು ಬಿಡಲಿ ಎಂದು ಕೇಳಿದ್ದೆ. "ಮೊದಲು ಮೀನು ಆರಿಸಿ, ಗಿಡ ಆಮೇಲೆ" ಅಂದಿರಿ. ಹಾಗೇ ಮಾಡಿದೆ, ತುಂಬಾ ಥ್ಯಾಂಕ್ಸ್.

ಆರಿಸಿದ್ದು ಮಿಸ್ ಕೇರಳ, ಅಂದರೆ ಡೆನಿಸನ್ ಬಾರ್ಬ್. ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಮೀನು. ಸುಮಾರು 15 ಸೆಂ.ಮೀ. ಬೆಳೆಯುತ್ತದೆ, ಗುಂಪಿನಲ್ಲೇ ಇರುತ್ತದೆ, ಜೋರಾಗಿ ಈಜುತ್ತದೆ. ಅದಕ್ಕೇ ಮುಂದೆ ಉದ್ದಕ್ಕೂ ಜಾಗ ಖಾಲಿ ಬಿಟ್ಟೆ. ಹಿಂದೆ ವ್ಯಾಲಿಸ್ನೇರಿಯಾ ಗಿಡ, ಮೂಲೆಗಳಲ್ಲಿ ಕ್ರಿಪ್ಟೊಕೊರೈನ್ ಗಿಡ. ಅನುಬಿಯಾಸ್ ಮತ್ತು ಜಾವಾ ಫರ್ನ್ ಕಟ್ಟಿಗೆಗೆ ಕಟ್ಟಿದ್ದೇನೆ. ಅವುಗಳ ಗೆಡ್ಡೆ ಹೂತರೆ ಕೊಳೆಯುತ್ತದೆ.

ಈ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು. ಫಿಲ್ಟರ್ ಪೈಪನ್ನು ಒಂದು ತುದಿಯಲ್ಲಿಟ್ಟು ನೀರು ಉದ್ದಕ್ಕೆ ಹರಿಯುವಂತೆ, ಮೇಲ್ಮೈ ಕದಡುವಂತೆ ಮಾಡಿದೆ. ಹೀಗೆ ಕದಡಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಅಲ್ವಾ? ಅದಕ್ಕೆ ಗಿಡಗಳಿಗೆ ಆ ಅನಿಲ ಕೊಡುವ ಸಿಲಿಂಡರ್ ಯೋಚನೆಯನ್ನೇ ಬಿಟ್ಟೆ. ಈ ಗಿಡಗಳಿಗೆ ಸಿಲಿಂಡರ್ ಬೇಕಾಗಿಯೂ ಇಲ್ಲ.

ನೀರೇ 560 ಕೆಜಿ ದಾಟುತ್ತದೆ, ಹಾಗಾಗಿ ಕಬ್ಬಿಣದ ಸ್ಟ್ಯಾಂಡ್. ಕಾವೇರಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸುತ್ತೇನೆ. ಮುಚ್ಚಳ ಕಡ್ಡಾಯ, ಇವು ಜಿಗಿಯುತ್ತವೆ.

ಹೊಳೆಯಲ್ಲಿ ಇವು ಅಳಿವಿನಂಚಿನಲ್ಲಿವೆ. ದಯವಿಟ್ಟು ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ತನ್ನಿ. ಈಗ ಗುಂಪು ನೀರಿನ ಹರಿವಿಗೆ ಎದುರಾಗಿ ಈಜುತ್ತಿದೆ, ನೋಡಲು ತುಂಬಾ ಖುಷಿ. ಬೆಂಗಳೂರಿನಲ್ಲಿ ಹೀಟರ್ ಬೇಕಾಗಿಲ್ಲ. ಏಪ್ರಿಲ್ ಬಿಸಿಲಿಗೆ ಮೇಲ್ಮೈ ಮೇಲೆ ಫ್ಯಾನ್ ಕೂರಿಸಬೇಕು.